ಬಂಡೆಯ ನಾಡಿನ ಮೇಲೊಂದು ಡಿಸೆಂಬರ್

ಬೆಂಗಳೂರಿನಿಂದ ಮೈಸೂರಿಗೆ ಹೊರಟವರು ಬಿಡದಿಯನ್ನು ದಾಟುತ್ತಿದ್ದಂತೆಯೇ ನೆಲದ ಮುಖಭಾವ ಬದಲಾಗುವುದನ್ನು ಗಮನಿಸದೆ ಇರಲಾರರು. ಅಲ್ಲಿಯವರೆಗೆ ಸಾಧುವಾಗಿ ಮಲಗಿದ್ದ ಬಯಲು ಇದ್ದಕ್ಕಿದ್ದಂತೆ ಎದ್ದು ನಿಲ್ಲುತ್ತದೆ. ಯಾರೋ ಪೇರಿಸಿಟ್ಟು ಮರೆತುಹೋದಂಥ ಹೆಬ್ಬಂಡೆಗಳು, ಬೋಳು ನೆತ್ತಿಯ ಗುಡ್ಡಗಳು. ಅವುಗಳ ಕಾಲಬುಡದಲ್ಲಿ ಹಿಪ್ಪುನೇರಳೆಯ ಹಸುರು, ತೆಂಗಿನ ಸಾಲು, ರಾಗಿಯ ಹೊಲ. ಭೂವಿಜ್ಞಾನಿಗಳು ಈ ಕಲ್ಲಿಗೆ ‘ಕ್ಲೋಸ್‌ಪೇಟೆ ಗ್ರಾನೈಟ್’ ಎಂದು ಹೆಸರಿಟ್ಟಿದ್ದಾರೆ. ಮೈಸೂರಿನಲ್ಲಿ ಬ್ರಿಟಿಷ್ ರೆಸಿಡೆಂಟನಾಗಿದ್ದ ಬ್ಯಾರಿ ಕ್ಲೋಸ್ ಎಂಬಾತನ ನೆನಪಿಗೆ ಊರು ಕ್ಲೋಸ್‌ಪೇಟೆಯಾಗಿತ್ತು. ಸ್ವಾತಂತ್ರ್ಯ ಬಂದ ಮೇಲೆ ರಾಮನಗರವಾಯಿತು. ಕಲ್ಲು ಮಾತ್ರ ಸಾಹೇಬನ ಹೆಸರನ್ನು ಬಿಟ್ಟುಕೊಡಲಿಲ್ಲ. ಅದರ ವಯಸ್ಸು ಸುಮಾರು 250 ಕೋಟಿ ವರ್ಷ. ಊರಿನ ಹೆಸರು, ಜಿಲ್ಲೆಯ ಹೆಸರು ಎಷ್ಟು ಸಲ ಬದಲಾದರೂ ಅದಕ್ಕೆ ಲೆಕ್ಕವಿಲ್ಲ. 2007ರಲ್ಲಿ ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ಎಂಬ ನಾಲ್ಕು ತಾಲ್ಲೂಕುಗಳು ಕೂಡಿ ಹೊಸ ಜಿಲ್ಲೆಯಾದವು. 2025ರಲ್ಲಿ ರಾಜ್ಯ ಸರ್ಕಾರ ಅದಕ್ಕೆ ಬೆಂಗಳೂರು ದಕ್ಷಿಣ ಎಂದು ಹೆಸರಿಟ್ಟಿತು. ಜನ ಇನ್ನೂ ರಾಮನಗರವೆಂದೇ ಕರೆಯುತ್ತಾರೆ.

ಈ ನಾಡನ್ನು ಹಗಲಿನಲ್ಲಿ ನೋಡಿದವರು ಬಹಳ. ರಾಮದೇವರಬೆಟ್ಟಕ್ಕೆ ಹೋಗಿ, 1975ರಲ್ಲಿ ತೆರೆಕಂಡ ‘ಶೋಲೆ’ ಚಿತ್ರದ ಬಂಡೆಗಳು ಯಾವುವೆಂದು ಬೆರಳಿಟ್ಟು ತೋರಿಸಿಕೊಂಡು, ಉದ್ದಕೊಕ್ಕಿನ ರಣಹದ್ದು ಕಂಡೀತೇ ಎಂದು ಕತ್ತೆತ್ತಿ ನೋಡಿ, ಚನ್ನಪಟ್ಟಣದಲ್ಲಿ ಮಕ್ಕಳಿಗೆ ಅರಗಿನ ಬಣ್ಣದ ಬೊಂಬೆ ಕೊಂಡು ಸಂಜೆಯ ಹೊತ್ತಿಗೆ ಮನೆ ಸೇರುವುದು ನಗರವಾಸಿಗಳ ವಾಡಿಕೆ. ಸಂಜೆಯ ಮೇಲೆ ಇಲ್ಲಿ ಉಳಿಯುವವರು ಕಡಮೆ. ಆದರೆ ಇಲ್ಲಿನ ನಿಜವಾದ ನೋಟ ಆರಂಭವಾಗುವುದೇ ಆಗ. 2020ರ ಡಿಸೆಂಬರ್ ತಿಂಗಳು ಅದಕ್ಕೆ ಸಾಕ್ಷಿ.

ಆ ವರ್ಷವನ್ನು ಮತ್ತೆ ವರ್ಣಿಸಬೇಕಾಗಿಲ್ಲ. ಯಾವ ಮನೆಯೂ ಅದನ್ನು ಮರೆತಿಲ್ಲ. ಮಾರ್ಚ್ 25ರಿಂದ ದೇಶವೇ ಬಾಗಿಲು ಹಾಕಿಕೊಂಡಿತು. ಈ ನಾಲ್ಕು ತಾಲ್ಲೂಕುಗಳ ಬಾಳು ಸಂತೆ, ಮಾರುಕಟ್ಟೆ, ಹೆದ್ದಾರಿಗಳನ್ನು ನಂಬಿದ್ದು. ಏಷ್ಯದಲ್ಲೇ ದೊಡ್ಡದೆಂದು ಹೆಸರಾದ ರಾಮನಗರದ ರೇಷ್ಮೆಗೂಡಿನ ಮಾರುಕಟ್ಟೆಯ ಹಿಂದೆ ಸಾವಿರಾರು ರೈತರ ಮನೆಯ ಒಲೆ ಇದೆ. ಮದುವೆಗಳು ನಿಂತರೆ ಸೀರೆ ನಿಲ್ಲುತ್ತದೆ. ಸೀರೆ ನಿಂತರೆ ನೂಲು, ನೂಲು ನಿಂತರೆ ಗೂಡು. ಹುಳುವಿಗೆ ಮಾತ್ರ ಲಾಕ್‌ಡೌನ್ ತಿಳಿಯದು. ಅದು ಸೊಪ್ಪು ತಿಂದು ಗೂಡು ಕಟ್ಟಿಯೇ ತೀರುತ್ತದೆ. ಚನ್ನಪಟ್ಟಣದ ಕುಶಲಕರ್ಮಿ ಹಾಲೆಮರವನ್ನು ಚರಕಿಗೆ ಕೊಟ್ಟು ಬೊಂಬೆ ಮಾಡಿದರೂ ಹೆದ್ದಾರಿಯಲ್ಲಿ ಕಾರು ನಿಲ್ಲಿಸಿ ಕೊಳ್ಳುವವರಿಲ್ಲ. ಕಬ್ಬಾಳದುರ್ಗ ಒಂದು ಕಾಲಕ್ಕೆ ಅರಸರು ತಮಗಾಗದವರನ್ನು ಕೂಡಿಹಾಕುತ್ತಿದ್ದ ಸೆರೆಯ ಬೆಟ್ಟ. ಆ ವರ್ಷ ಪ್ರತಿಯೊಂದು ಮನೆಯೂ ಒಂದೊಂದು ಕಬ್ಬಾಳದುರ್ಗವೇ ಆಗಿತ್ತು.

ಹೀಗೆ ಹತ್ತಿರದವರ ಹತ್ತಿರ ಹೋಗುವುದೇ ಅಪರಾಧವಾದಾಗ, ಬಹು ದೂರದ ವಸ್ತುಗಳೊಡನೆ ನಂಟು ಬೆಳೆಸುವ ಎರಡು ಹಳೆಯ ಹವ್ಯಾಸಗಳಿಗೆ ಹೊಸ ಬೆಲೆ ಬಂತು. ಒಂದು ನಕ್ಷತ್ರವೀಕ್ಷಣೆ. ಇನ್ನೊಂದು ಹವ್ಯಾಸಿ ಬಾನುಲಿ, ಜನ ‘ಹ್ಯಾಮ್ ರೇಡಿಯೊ’ ಎನ್ನುವುದು. ಎರಡಕ್ಕೂ ಬೇಕಾದದ್ದು ಒಂದಷ್ಟು ತೆರೆದ ಆಕಾಶ, ಒಂದಷ್ಟು ಎತ್ತರ, ಬಹಳ ತಾಳ್ಮೆ. ಯಾರನ್ನೂ ಮುಟ್ಟಬೇಕಾಗಿಲ್ಲ.

ಹ್ಯಾಮ್ ಎಂದರೆ ಏನೆಂದು ತಿಳಿಯದವರಿಗೆ ಎರಡು ಮಾತು. ನಮ್ಮ ಮನೆಯ ರೇಡಿಯೊ ಕೇಳುವುದಕ್ಕೆ ಮಾತ್ರ. ಹ್ಯಾಮ್‌ನ ರೇಡಿಯೊ ಕೇಳುತ್ತದೆ, ಮಾತನಾಡುತ್ತದೆ. ಹನ್ನೆರಡು ವರ್ಷ ತುಂಬಿದ ಯಾರೇ ಆದರೂ ಕೇಂದ್ರ ಸರ್ಕಾರದ ಸಂಪರ್ಕ ಸಚಿವಾಲಯ ನಡೆಸುವ ಪರೀಕ್ಷೆಯಲ್ಲಿ ತೇರ್ಗಡೆಯಾಗಿ ಪರವಾನಗಿ ಪಡೆಯಬಹುದು. ಆಗ ಅವರಿಗೊಂದು ಕರೆಹೆಸರು ದೊರೆಯುತ್ತದೆ. ಭಾರತದವರದಾದರೆ ಅದು ಸಾಮಾನ್ಯವಾಗಿ ‘ವಿಯು2’ ಅಥವಾ ‘ವಿಯು3’ ಎಂದು ಮೊದಲಾಗುತ್ತದೆ. ಇದರಿಂದ ಹಣ ಸಂಪಾದಿಸುವಂತಿಲ್ಲ; ವ್ಯಾಪಾರದ ಮಾತು, ಪ್ರಚಾರದ ಮಾತು ಆಡುವಂತಿಲ್ಲ. ಬೆಲೆಯಿಲ್ಲದ ಮಾತನ್ನು ಬಹು ದೂರದವರೊಡನೆ ಆಡುವುದಕ್ಕಾಗಿ ಪರೀಕ್ಷೆ ಬರೆಯುವ ಜನರು ಈ ಕಾಲದಲ್ಲೂ ಇದ್ದಾರೆಂಬುದೇ ಸಮಾಧಾನದ ಸಂಗತಿ.

ನಮ್ಮ ನಾಡಿಗೆ ಈ ಹುಚ್ಚು ಹೊಸದಲ್ಲ. ಇದೇ ಹೆದ್ದಾರಿಯ ಇನ್ನೊಂದು ತುದಿಯಲ್ಲಿ, ಮೈಸೂರಿನಲ್ಲಿ, ಮಹಾರಾಜ ಕಾಲೇಜಿನ ಮನಶ್ಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಎಂ. ವಿ. ಗೋಪಾಲಸ್ವಾಮಿಯವರು 1935ರಲ್ಲಿ ತಮ್ಮ ಮನೆಯಲ್ಲೇ 30 ವಾಟಿನ ಒಂದು ಪ್ರಸಾರಯಂತ್ರವನ್ನಿಟ್ಟು ಬಾನುಲಿ ಕೇಂದ್ರ ಆರಂಭಿಸಿದರು. ಇಂದಿನ ಸಾಧಾರಣ ವಿದ್ಯುದ್ದೀಪವೊಂದಕ್ಕೆ ಬೇಕಾಗುವಷ್ಟು ಶಕ್ತಿ! ‘ಆಕಾಶವಾಣಿ’ ಎಂಬ ಹೆಸರನ್ನು ದೇಶದ ಪ್ರಸಾರ ಸಂಸ್ಥೆಗಿಂತ ಎಷ್ಟೋ ಮೊದಲು ಹೊತ್ತದ್ದು ಆ ಕೇಂದ್ರ. ಬೆಂಗಳೂರಿನ ಹವ್ಯಾಸಿ ಬಾನುಲಿ ಸಂಘ 1959ರಷ್ಟು ಹಳೆಯದು.

ರಾಮನಗರದ ಸೀಮೆಗೂ ಈ ಹವ್ಯಾಸಕ್ಕೂ ನಂಟು ಹೇಗೆಂದರೆ, ಅದು ಈ ಬಂಡೆಗಳ ದೆಸೆಯಿಂದಲೇ. ಕೈಯಲ್ಲಿ ಹಿಡಿಯುವ ಪುಟ್ಟ ಯಂತ್ರಗಳು ಬಳಸುವ ಎರಡು ಮೀಟರಿನ ಅಲೆಗಳು ಬೆಳಕಿನಂತೆ ನೇರವಾಗಿ ಸಾಗುತ್ತವೆ. ಅಡ್ಡ ಬಂದ ಕಟ್ಟಡಗಳಿಗೆ ಸೋಲುತ್ತವೆ. ಮಾಗಡಿಯ ಬಳಿಯ ಸಾವನದುರ್ಗದ ನೆತ್ತಿ ಸಮುದ್ರಮಟ್ಟದಿಂದ 1,226 ಮೀಟರ್ ಎತ್ತರ. ಅಲ್ಲಿ ನಿಂತವನಿಗೆ ಸುತ್ತಣ ದಿಗಂತ ಸುಮಾರು 70 ಕಿಲೋಮೀಟರಿನಾಚೆಗೆ ಸರಿಯುತ್ತದೆ. ಬೆಂಗಳೂರಿನ ಬೀದಿಯಲ್ಲಿ ಎರಡು ಬಡಾವಣೆ ದಾಟಲು ಏದುಸಿರು ಬಿಡುವ ಧ್ವನಿ ಅಲ್ಲಿಂದ ಇಡೀ ನಗರದ ತಲೆಯ ಮೇಲೆ ಹಾಯುತ್ತದೆ. ಕೆಂಪೇಗೌಡರ ವಂಶದವರು ಶತ್ರುವಿನ ದಂಡನ್ನು ದೂರದಿಂದಲೇ ಕಾಣಲು ಹಿಡಿದ ಎತ್ತರ ಬಾನುಲಿಗೂ ಒದಗಿಬಂದಂತಾಯಿತು.

ಆ ವರ್ಷ ಈ ಅಲೆಗಳ ಮೇಲೆ ಹರಿದ ಮಾತುಗಳೇನೂ ಪಾಂಡಿತ್ಯದವಲ್ಲ. ‘ಹೇಗಿದ್ದೀರಿ, ಮನೆಯಲ್ಲಿ ಎಲ್ಲರೂ ಕ್ಷೇಮವೇ?’ ಎಂಬುದೇ ಮೊದಲ ಪ್ರಶ್ನೆ. ಯೂರೋಪಿನ ಕೆಲವು ಹ್ಯಾಮ್‌ಗಳು ‘ಮನೆಯಲ್ಲೇ ಇರಿ’ ಎಂಬ ಅರ್ಥದ ಇಂಗ್ಲಿಷ್ ಮಾತನ್ನೇ ತಮ್ಮ ಕರೆಹೆಸರಿಗೆ ಬಾಲವಾಗಿ ಸೇರಿಸಿಕೊಂಡಿದ್ದರು. ಹ್ಯಾಮ್‌ಗಳು ದಿನವೂ ಗೊತ್ತಾದ ಹೊತ್ತಿಗೆ ಗೊತ್ತಾದ ತರಂಗದಲ್ಲಿ ಸೇರಿ, ಶಾಲೆಯ ಹಾಜರಿಯಂತೆ ಒಬ್ಬೊಬ್ಬರ ಕರೆಹೆಸರನ್ನೂ ಕೂಗುವುದುಂಟು. ಕೂಗಿದ ಹೆಸರಿಗೆ ಉತ್ತರ ಬಾರದೆ ಹೋದರೆ ಎಲ್ಲರೂ ಒಂದು ಕ್ಷಣ ಕಾಯುತ್ತಾರೆ. ಸಾಧಾರಣ ವರ್ಷದಲ್ಲಿ ಆ ಮೌನಕ್ಕೆ ಅರ್ಥವಿಲ್ಲ. ವಿದ್ಯುತ್ ಹೋಗಿರಬಹುದು, ಮಗಳ ಮನೆಗೆ ಹೋಗಿರಬಹುದು. 2020ರಲ್ಲಿ ಅದಕ್ಕೆ ಅರ್ಥವಿತ್ತು. ಹ್ಯಾಮ್‌ಗಳ ಭಾಷೆಯಲ್ಲಿ ತೀರಿಕೊಂಡವರನ್ನು ‘ಸೈಲೆಂಟ್ ಕೀ’ ಎನ್ನುತ್ತಾರೆ. ಮೋರ್ಸ್ ಸಂಕೇತವನ್ನು ಕುಟ್ಟುವ ಕೀಲಿ ಮೌನವಾಯಿತು ಎಂದು ಅದರ ತಾತ್ಪರ್ಯ. ಮರಣವಾರ್ತೆಗೆ ಇದಕ್ಕಿಂತ ಸೌಮ್ಯವಾದ ಮಾತು ಬೇರೆ ಯಾವ ವೃತ್ತಿಯಲ್ಲಿದೆಯೋ ಕಾಣೆವು.

ಇವರ ಆಟ ಬರಿಯ ಆಟವಲ್ಲವೆಂಬುದಕ್ಕೆ ಇನ್ನೊಂದು ವರ್ಷಾಂತ್ಯ ನೆನಪಾಗುತ್ತದೆ. 2004ರ ಡಿಸೆಂಬರಿನಲ್ಲಿ ಭಾರತಿ ಪ್ರಸಾದ್ ಎಂಬ ಹ್ಯಾಮ್ ತಮ್ಮ ತಂಡದೊಡನೆ ಅಂಡಮಾನಿನಿಂದ ಜಗತ್ತಿನ ಹವ್ಯಾಸಿಗಳೊಡನೆ ಮಾತನಾಡಲು ಪೋರ್ಟ್ ಬ್ಲೇರಿಗೆ ಹೋಗಿದ್ದರು. 26ರ ಬೆಳಿಗ್ಗೆ ಸುನಾಮಿ ಬಂದು ದ್ವೀಪಗಳ ದೂರವಾಣಿ ಸಂಪರ್ಕ ಕಡಿದುಹೋಯಿತು. ಹಿಂದಿನ ದಿನದವರೆಗೆ ವಿನೋದವಾಗಿದ್ದ ಯಂತ್ರವೇ ‘ನಮ್ಮವರು ಬದುಕಿದ್ದಾರೆಯೇ’ ಎಂದು ಕೇಳುವವರ ದನಿಯಾಯಿತು.

ಮತ್ತೆ 2020ರ ಡಿಸೆಂಬರಿಗೆ ಬರೋಣ. ಸೂರ್ಯನೂ ಆ ಕಾಲಕ್ಕೆ ನಿದ್ದೆಯಿಂದ ಏಳುತ್ತಿದ್ದ. ಸುಮಾರು ಹನ್ನೊಂದು ವರ್ಷಕ್ಕೊಮ್ಮೆ ಏರಿ ಇಳಿಯುವ ಸೂರ್ಯಕಲೆಗಳ ಆವರ್ತ 2019ರ ಡಿಸೆಂಬರಿನಲ್ಲಿ ತಳ ಮುಟ್ಟಿತ್ತು. ಸೂರ್ಯನ ಮೇಲೆ ಕಲೆಯಿಲ್ಲದಿದ್ದರೆ ವಾಯುಮಂಡಲದ ಮೇಲಿನ ಅಯಾನುಗಳ ಪದರ ಸೊರಗುತ್ತದೆ. ದೂರದೇಶಕ್ಕೆ ಹ್ಯಾಮ್‌ಗಳ ದನಿ ತಲುಪುವುದಿಲ್ಲ. ಭೂಮಿಯ ಮೇಲೆ ರೈಲು ವಿಮಾನಗಳು ನಿಂತ ವರ್ಷದಲ್ಲಿ ಆಕಾಶದ ದಾರಿಯೂ ಅರ್ಧ ಮುಚ್ಚಿತ್ತು ಎನ್ನಬಹುದು. ನವೆಂಬರ್ 29ರಂದು, ಮೂರು ವರ್ಷಗಳಲ್ಲೇ ದೊಡ್ಡದಾದ ಸೌರಜ್ವಾಲೆ ಕಾಣಿಸಿಕೊಂಡು, ಆ ದಾರಿ ಮತ್ತೆ ತೆರೆಯುವ ಸೂಚನೆ ದೊರೆಯಿತು.

ಮೊದಲ ಉತ್ಸವ ಡಿಸೆಂಬರ್ 13ರ ರಾತ್ರಿ, ಮಿಥುನ ರಾಶಿಯ ಉಲ್ಕಾವೃಷ್ಟಿ. ಮರುದಿನವೇ ಅಮಾವಾಸ್ಯೆಯಾದ್ದರಿಂದ ಚಂದ್ರನ ಕಾಟವಿರಲಿಲ್ಲ. ಸಾಮಾನ್ಯವಾಗಿ ಉಲ್ಕೆಗಳು ಧೂಮಕೇತುವಿನ ಉದುರುಧೂಳು. ಈ ಮಳೆಗೆ ಮೂಲವೆನಿಸಿದ್ದು 1983ರಲ್ಲಿ ಪತ್ತೆಯಾದ ಫೇಥಾನ್ ಎಂಬ, ಕ್ಷುದ್ರಗ್ರಹದಂತೆ ತೋರುವ ಕಲ್ಲು. ನಿಜವಾದ ಕತ್ತಲಿದ್ದು, ಆಕಾಶ ತಿಳಿಯಾಗಿದ್ದರೆ ಗಂಟೆಗೆ ನೂರರ ಸುಮಾರಿಗೆ ಉಲ್ಕೆಗಳು ಕಾಣಬಹುದು; ಬೆಂಗಳೂರಿನ ಮಹಡಿಯ ಮೇಲೆ ಹತ್ತು ಕಂಡರೆ ಪುಣ್ಯ. ಮಿಥುನ ರಾಶಿ ನೆತ್ತಿಯ ಹತ್ತಿರ ಬರುವುದು ರಾತ್ರಿ ಎರಡು ಗಂಟೆಯ ಮೇಲೆ. ಕನಕಪುರದ ದಕ್ಷಿಣಕ್ಕೆ ಕಾವೇರಿಯ ಕಾಡಿನ ಕಡೆ, ಚನ್ನಪಟ್ಟಣದ ಕಣ್ವ ಜಲಾಶಯದ ಆಸುಪಾಸಿನ ಹಳ್ಳಿಗಳಲ್ಲಿ ಆ ಹೊತ್ತಿಗೆ ಇಬ್ಬನಿ ಕಂಬಳಿಯನ್ನು ತೋಯಿಸುತ್ತಿರುತ್ತದೆ. ಮನೆಯಂಗಳದಲ್ಲಿ ಚಾಪೆ ಹಾಸಿ ಮಲಗಿ ನೋಡುವುದೇ ಇದಕ್ಕೆ ಸರಿಯಾದ ಕ್ರಮ. ದೂರದರ್ಶಕ ಬೇಡವೇ ಬೇಡ.

ಇಲ್ಲಿಯೇ ನಮ್ಮ ಎರಡು ಹವ್ಯಾಸಗಳೂ ಕೈ ಹಿಡಿಯುವುದು. ಉಲ್ಕೆಯೊಂದು ನೂರು ಕಿಲೋಮೀಟರಿನಷ್ಟು ಮೇಲೆ ಉರಿದಾಗ ಅದರ ಜಾಡಿನ ಗಾಳಿ ಒಂದೆರಡು ಕ್ಷಣ ವಿದ್ಯುತ್ಕಣಗಳಿಂದ ತುಂಬುತ್ತದೆ. ಆ ಕ್ಷಣದ ಮಟ್ಟಿಗೆ ಅದು ಬಾನುಲಿಯ ಅಲೆಗಳಿಗೊಂದು ಕನ್ನಡಿ. ಸಾಮಾನ್ಯವಾಗಿ ದಿಗಂತದಾಚೆಗೆ ಹೋಗದ ಅಲೆಯನ್ನು ಅದು ಸಾವಿರಾರು ಕಿಲೋಮೀಟರ್ ದೂರಕ್ಕೆ ಎಸೆಯಬಲ್ಲದು. ಹೀಗೆ ಉಲ್ಕೆಯ ಜಾಡನ್ನು ಹಿಡಿದು ಮಾತನಾಡುವ ಹ್ಯಾಮ್‌ಗಳಿದ್ದಾರೆ. ಹೊರಗೆ ಚಾಪೆಯ ಮೇಲೆ ಮಲಗಿದವನಿಗೆ ಒಂದು ಗೆರೆ ಕಾಣುವಾಗ, ಒಳಗೆ ಯಂತ್ರದ ಮುಂದೆ ಕುಳಿತವನಿಗೆ ಬಹು ದೂರದ ಊರಿನ ದನಿ ‘ಪಿಣ್’ ಎಂದು ಮಿನುಗಿ ಮರೆಯಾಗಬಹುದು.

ಎರಡನೆಯದು 21ನೆಯ ತಾರೀಖಿನ ಸಂಜೆ, ಗುರು ಶನಿಯರ ಮಹಾಯುತಿ. ಈ ಎರಡು ಗ್ರಹಗಳು ಸುಮಾರು ಇಪ್ಪತ್ತು ವರ್ಷಕ್ಕೊಮ್ಮೆ ಸಂಧಿಸುತ್ತವೆ, ಅದರಲ್ಲಿ ವಿಶೇಷವಿಲ್ಲ. ವಿಶೇಷವಿದ್ದದ್ದು ಅವು ಬಂದ ಸಮೀಪದಲ್ಲಿ. ಅಂದು ಅವುಗಳ ನಡುವೆ ಕಂಡ ಅಂತರ ಹುಣ್ಣಿಮೆಯ ಚಂದ್ರನ ಅಗಲದ ಐದನೆಯ ಒಂದು ಭಾಗ. 1623ರ ಬಳಿಕ ಅವು ಅಷ್ಟು ಹತ್ತಿರ ಬಂದಿರಲಿಲ್ಲ. 1623ರಲ್ಲಿ ಅವು ಸೂರ್ಯನಿಗೆ ತೀರ ಹತ್ತಿರವಿದ್ದುದರಿಂದ, ಚೆನ್ನಾಗಿ ಕಾಣುವಂಥ ಯುತಿಯನ್ನು ಹುಡುಕಿದರೆ 1226ಕ್ಕೆ ಹೋಗಬೇಕು. ಹೊಯ್ಸಳರ ಕಾಲ! ಪಂಚಾಂಗ ಹೇಳುವವರು ಅಂದು ಎರಡೂ ಗ್ರಹಗಳು ಮಕರದಲ್ಲಿವೆ ಎಂದರು. ಖಗೋಳದವರ ನಕ್ಷೆಯಲ್ಲಿಯೂ ಅವು ಇದ್ದದ್ದು ಮಕರದಲ್ಲೇ. ಇಬ್ಬರೂ ಒಪ್ಪಿದ ಅಪರೂಪದ ಸಂಗತಿಯಾದ್ದರಿಂದ ಇದನ್ನು ದಾಖಲಿಸಬೇಕಾಯಿತು. ಅದಾದ ಮೇಲೆ ಬರಲಿದ್ದ ಅನಾಹುತಗಳ ಪಟ್ಟಿಯಲ್ಲಿ ಮಾತ್ರ ಖಗೋಳದವರು ಪಾಲುಗೊಳ್ಳಲಿಲ್ಲ.

ರಾಮನಗರದ ಸೀಮೆಗೆ ಇದರಲ್ಲೊಂದು ಅನುಕೂಲವಿತ್ತು. ಗ್ರಹಗಳು ಕಂಡದ್ದು ನೈಋತ್ಯದಲ್ಲಿ, ಸೂರ್ಯಾಸ್ತದ ಬಳಿಕ ಎರಡು ಗಂಟೆಯಷ್ಟು ಕಾಲ. ಬೆಂಗಳೂರು ಇರುವುದು ಅದರ ಎದುರು ದಿಕ್ಕಿಗೆ. ಹೀಗಾಗಿ ನಗರದ ಬೆಳಕಿಗೆ ಬೆನ್ನು ತಿರುಗಿಸಿ ನಿಂತರೆ ಸಾಕಾಗಿತ್ತು. ಹಿಂದಿನ ಮತ್ತು ಮುಂದಿನ ಕೆಲವು ಸಂಜೆಗಳಲ್ಲಿಯೂ ಜೋಡಿ ಬಿಗಿಯಾಗಿಯೇ ಇದ್ದುದರಿಂದ ಒಂದು ದಿನದ ಮೋಡ ಎಲ್ಲವನ್ನೂ ಕಸಿದುಕೊಳ್ಳುವಂತಿರಲಿಲ್ಲ. ಚಿಕ್ಕ ದೂರದರ್ಶಕದ ಒಂದೇ ಕಿಂಡಿಯಲ್ಲಿ ಗುರುವಿನ ನಾಲ್ಕು ಚಂದ್ರರೂ ಶನಿಯ ಬಳೆಯೂ ಒಟ್ಟಿಗೆ ಕಾಣುವುದು ಒಂದು ಮನುಷ್ಯಾಯುಷ್ಯದಲ್ಲಿ ಎರಡನೆಯ ಸಲ ಸಿಗುವ ಭಾಗ್ಯವಲ್ಲ. ಅಷ್ಟು ಸಮೀಪದ ಮುಂದಿನ ಯುತಿ 2080ರ ಮಾರ್ಚ್ ತಿಂಗಳಲ್ಲಿ. 2020ರಲ್ಲಿ ಅಜ್ಜನ ಹೆಗಲೇರಿ ನೋಡಿದ ಮಗು ಆಗ ಅಜ್ಜನಾಗಿರುತ್ತದೆ.

ಆದರೆ ಆ ಸಾಮೀಪ್ಯವೆಲ್ಲ ಕಣ್ಣಿನದು. ಅಂದು ಗುರು ನಮ್ಮಿಂದ 88 ಕೋಟಿ ಕಿಲೋಮೀಟರಿಗೂ ಹೆಚ್ಚು ದೂರದಲ್ಲಿತ್ತು. ಶನಿ 160 ಕೋಟಿಗೂ ಆಚೆ. ಗುರುವಿನ ಬೆಳಕು ಹೊರಟು ಇಲ್ಲಿಗೆ ಮುಟ್ಟಲು ಸುಮಾರು 49 ನಿಮಿಷ. ಪಕ್ಕದಲ್ಲೇ ಕಾಣುತ್ತಿದ್ದ ಶನಿಯ ಬೆಳಕಿಗೆ ಒಂದೂವರೆ ಗಂಟೆ. ಆರು ಅಡಿ ದೂರ ನಿಲ್ಲಿ ಎಂದು ಅಂಗಡಿಯ ಮುಂದೆ ಸುಣ್ಣದ ಗೆರೆ ಎಳೆದ ವರ್ಷದಲ್ಲಿ, ಎಪ್ಪತ್ತು ಕೋಟಿ ಕಿಲೋಮೀಟರ್ ಅಂತರವಿಟ್ಟುಕೊಂಡೂ ಒಂದನ್ನೊಂದು ತಬ್ಬಿದಂತೆ ತೋರಿದ ಈ ಜೋಡಿಯನ್ನು ನೋಡಿ ನಕ್ಕವರು ಬಹಳ ಮಂದಿ ಇದ್ದಿರಬೇಕು.

ಸಾವನದುರ್ಗಕ್ಕೆ ಆ ತಾರೀಖು ಬೇರೆ ಕಾರಣಕ್ಕೂ ಪರಿಚಿತ. 1791ರ ಡಿಸೆಂಬರ್ 21ರಂದೇ ಕಾರ್ನ್‌ವಾಲಿಸನ ಸೈನ್ಯ ಅದನ್ನು ಟಿಪ್ಪುವಿನವರಿಂದ ಕಿತ್ತುಕೊಂಡದ್ದು. ಹತ್ತಲಾಗದ ಬಂಡೆ, ಸುತ್ತಲೂ ದಟ್ಟವಾದ ಕಾಡು, ಕಾಡಿನಲ್ಲಿ ಜ್ವರ. ಜ್ವರವೇ ಇಲ್ಲಿನ ಮೊದಲ ಕಾವಲುಗಾರ ಎಂದು ಶತ್ರುಗಳೂ ಅಂಜುತ್ತಿದ್ದ ದುರ್ಗವದು. ಈಗ ಅದರ ಬುಡದಲ್ಲಿ ವೀರಭದ್ರ, ನರಸಿಂಹರ ಗುಡಿಗಳು. ಮೇಲೆ ಕರಿಗುಡ್ಡ, ಬಿಳಿಗುಡ್ಡ ಎಂಬ ಎರಡು ಹೆಸರಿನ ಒಂದೇ ಮೌನ.

ಇದೇ ಸೀಮೆಯಲ್ಲಿ, ಮೈಸೂರು ರಸ್ತೆಗೂ ಮಾಗಡಿ ರಸ್ತೆಗೂ ನಡುವೆ, ಬೆಂಗಳೂರಿನಿಂದ ಸುಮಾರು 40 ಕಿಲೋಮೀಟರ್ ದೂರದಲ್ಲಿ ಬ್ಯಾಲಾಳು ಎಂಬ ಹಳ್ಳಿಯಿದೆ. ಅಲ್ಲಿ ಭಾರತೀಯ ಬಾಹ್ಯಾಕಾಶ ಸಂಶೋಧನಾ ಸಂಸ್ಥೆಯ 32 ಮೀಟರ್ ಮತ್ತು 18 ಮೀಟರ್ ಅಡ್ಡಗಲದ ಎರಡು ದೊಡ್ಡ ತಟ್ಟೆಗಳು ಆಕಾಶಕ್ಕೆ ಮುಖಮಾಡಿ ನಿಂತಿವೆ. ಬಟ್ಟಲಿನಂಥ ತಗ್ಗಾದ್ದರಿಂದ ನಗರದ ಬಾನುಲಿ ಗದ್ದಲ ಅಲ್ಲಿಗೆ ಸುಲಭವಾಗಿ ಇಳಿಯದು. 2008ರ ಅಕ್ಟೋಬರಿನಲ್ಲಿ ಈ ಕೇಂದ್ರ ಕೆಲಸ ಆರಂಭಿಸಿದ ಕೆಲವೇ ದಿನಗಳಲ್ಲಿ ಚಂದ್ರಯಾನ ಹೊರಟಿತು. 2023ರ ಆಗಸ್ಟ್ 23ರಂದು ಮೂರನೆಯ ಚಂದ್ರಯಾನ ಚಂದ್ರನ ಮೇಲೆ ಇಳಿಯುವಾಗಲೂ ಈ ತಟ್ಟೆಗಳು ಕಿವಿಗೊಟ್ಟಿದ್ದವು. 2020ರ ಡಿಸೆಂಬರಿನ ಸಂಜೆಗಳಲ್ಲಿ ಗುರು ಶನಿಯರು ಪಡುವಣಕ್ಕೆ ಇಳಿಯುತ್ತಿದ್ದಾಗ ನೆತ್ತಿಯ ಸಮೀಪ ಕೆಂಪು ಮಂಗಳ ಹೊಳೆಯುತ್ತಿತ್ತು. ಅದರ ಸುತ್ತ ನಮ್ಮ ಮಂಗಳಯಾನ ಆಗ ಇನ್ನೂ ಸುತ್ತುತ್ತ ಮಾತನಾಡುತ್ತಿತ್ತು. ಅದರ ದನಿ ನಿಂತದ್ದು 2022ರಲ್ಲಿ. ಅದೂ ಒಂದು ‘ಸೈಲೆಂಟ್ ಕೀ’ ಎನ್ನಬೇಕು. ಬ್ಯಾಲಾಳಿನ ಸುತ್ತಣ ಹೊಲಗಳಲ್ಲಿ ರಾಗಿ ಒಕ್ಕುವ ರೈತ ತಲೆಯೆತ್ತಿ ನೋಡಿದ ಕೆಂಪು ಚುಕ್ಕೆಗೂ ಆ ಬಿಳಿಯ ತಟ್ಟೆ ಕಿವಿಗೊಟ್ಟ ಚುಕ್ಕೆಗೂ ವ್ಯತ್ಯಾಸವಿಲ್ಲ.

ಅಷ್ಟು ದೊಡ್ಡ ತಟ್ಟೆ ಎಲ್ಲರಿಗೂ ಒದಗದು. ಆದರೆ ವರ್ಷದ ಕೊನೆಯ ವಾರ, ಡಿಸೆಂಬರ್ 24ರಿಂದ 31ರವರೆಗೆ, ಅಂಗೈಯಗಲದ ಯಂತ್ರಕ್ಕೂ ಅಂತರಿಕ್ಷದಿಂದ ಓಲೆ ಬರುತ್ತಿತ್ತು. ಅಂತಾರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣದಲ್ಲಿ ಒಂದು ಹ್ಯಾಮ್ ಕೇಂದ್ರವುಂಟು. ಅಲ್ಲಿಂದ ಒಂದು ಶಾಲೆಯ ಮಕ್ಕಳೊಡನೆ ಮೊದಲ ಸಲ ಮಾತುಕತೆ ನಡೆದದ್ದು 2000ದ ಡಿಸೆಂಬರ್ 21ರಂದು. ಇಪ್ಪತ್ತು ವರ್ಷ ತುಂಬಿದ ಸಂತೋಷಕ್ಕಾಗಿ ನಿಲ್ದಾಣವು ಆ ವಾರ 145.800 ಮೆಗಾಹರ್ಟ್ಸ್ ತರಂಗದಲ್ಲಿ ಚಿತ್ರಗಳನ್ನು ಬಿತ್ತರಿಸಿತು. ಭೂಮಿಯಿಂದ 400 ಕಿಲೋಮೀಟರ್ ಎತ್ತರದಲ್ಲಿ, ಗಂಟೆಗೆ 27,000 ಕಿಲೋಮೀಟರಿಗೂ ಮಿಕ್ಕಿದ ವೇಗದಲ್ಲಿ ಅದು ಒಂದು ದಿಗಂತದಿಂದ ಇನ್ನೊಂದಕ್ಕೆ ಹಾಯಲು ಹತ್ತು ನಿಮಿಷ ಸಾಕು. ಒಂದು ಚಿತ್ರ ಬರಲು ಎರಡು ನಿಮಿಷ ಹಿಡಿಯುತ್ತದೆ. ಕಿವಿಗೆ ಅದು ಜೀರುಂಡೆಯ ಕೊರೆತದಂಥ ಏರಿಳಿತದ ಶಬ್ದ. ಅದನ್ನೇ ಫೋನಿನ ಒಂದು ತಂತ್ರಾಂಶಕ್ಕೆ ಕೇಳಿಸಿದರೆ, ಸೀರೆ ನೇಯ್ದಂತೆ ಒಂದೊಂದೇ ಎಳೆಯಾಗಿ ಮೇಲಿನಿಂದ ಕೆಳಕ್ಕೆ ಚಿತ್ರ ಮೂಡುತ್ತದೆ. ನಿಲ್ದಾಣ ಬೆಟ್ಟದ ಮರೆಗೆ ಸರಿದರೆ ನೇಯ್ಗೆ ಅರ್ಧಕ್ಕೆ ಹರಿದು ಬರಿಯ ಚುಕ್ಕೆಗಳು ಉಳಿಯುತ್ತವೆ. ಸಂಜೆ ಅಥವಾ ಮುಂಜಾನೆ ಹಾಯುವಾಗ ಅದೇ ನಿಲ್ದಾಣ ಬಿಸಿಲಿಗೆ ಹೊಳೆದು ಕಣ್ಣಿಗೂ ಕಾಣುತ್ತದೆ. ಚಲಿಸುವ ಚುಕ್ಕೆಯನ್ನು ಮಗಳು ನೋಡುತ್ತ ‘ಅಪ್ಪಾ, ಬಂತು’ ಎನ್ನುವಾಗ ಅಪ್ಪನ ಕೈಯಲ್ಲಿ ಅದೇ ಚುಕ್ಕೆಯ ಚಿತ್ರ ಮೂಡುತ್ತಿರುತ್ತದೆ. ರೇಷ್ಮೆಯ ಊರಿಗೆ ಇದಕ್ಕಿಂತ ಒಪ್ಪುವ ವರ್ಷಾಂತ್ಯದ ಉಡುಗೊರೆ ಬೇರೆಯಿಲ್ಲ.

ಅದೇ ವಾರ ಭೂಮಿಯ ಮೇಲಿನ ವಿದ್ಯಮಾನವೂ ಸ್ವಾರಸ್ಯವಾಗಿತ್ತು. ಡಿಸೆಂಬರ್ 23ರಂದು ರಾಜ್ಯ ಸರ್ಕಾರ ರಾತ್ರಿ ಕರ್ಫ್ಯೂ ಘೋಷಿಸಿತು, 24ರಂದು ಹಿಂತೆಗೆದುಕೊಂಡಿತು. ಬೆಂಗಳೂರಿನಲ್ಲಿ ಹೊಸ ವರ್ಷದ ಸಂಭ್ರಮಕ್ಕೆ ನಿಷೇಧ ಬಿತ್ತು. ಬೀದಿಯಲ್ಲಿ ಕುಣಿಯುವವರಿಗೆ ಇದು ದುಃಖದ ಸುದ್ದಿ. ಅಂಗಳದಲ್ಲಿ ಮಲಗಿ ಮೇಲೆ ನೋಡುವವರಿಗೆ ಏನೂ ತೊಂದರೆಯಾಗಲಿಲ್ಲ.

ಹೀಗೆಂದು ಬೆಟ್ಟದ ತುದಿಯೇ ಆಗಬೇಕೆಂದು ಯಾರೂ ಹಟ ಹಿಡಿಯಬಾರದು. ಸಾವನದುರ್ಗ, ರಾಮದೇವರಬೆಟ್ಟಗಳು ಅರಣ್ಯ ಇಲಾಖೆಯ ವಶದಲ್ಲಿವೆ. ಕತ್ತಲಾದ ಮೇಲೆ ಅಲ್ಲಿ ಅಲೆಯುವುದಕ್ಕೆ ಅವಕಾಶವಿಲ್ಲ. ಅದು ನ್ಯಾಯವೇ. ರಾಮದೇವರಬೆಟ್ಟ 2012ರಿಂದ ರಣಹದ್ದುಗಳ ರಕ್ಷಿತ ತಾಣ. ಬಂಡೆಯ ಸಂದಿಗಳಲ್ಲಿ ಚಿರತೆ ಕರಡಿಗಳಿವೆ. ಕನಕಪುರದ ಕಾಡಂಚಿನಲ್ಲಿ ಆನೆಗಳು. ಮಂಚನಬೆಲೆಯ ನೀರು ಮೇಲೆ ಶಾಂತವಾಗಿ ಕಂಡರೂ ಅಪಾಯದ್ದು. ಪರಿಚಯದವರ ತೋಟದ ಮನೆ, ಊರಾಚೆಯ ಕಣ, ಇಷ್ಟು ಸಾಕು. ಬಾನುಲಿಯವರಿಗೂ ಅಷ್ಟೇ: ಹಗಲಿನಲ್ಲಿ ಅನುಮತಿ ಪಡೆದು ಬೆಟ್ಟ ಹತ್ತಿ ಮಾತನಾಡಬಹುದು, ರಾತ್ರಿಯ ಮಾತಿಗೆ ಮಹಡಿಯ ಮೇಲೆ ಕಟ್ಟಿದ ಒಂದು ತಂತಿಯೇ ಬೆಟ್ಟ.

ಬೆಟ್ಟಕ್ಕಿಂತ ದೊಡ್ಡ ಚಿಂತೆ ಬೇರೊಂದಿದೆ. ಆ ಡಿಸೆಂಬರಿನಲ್ಲಿ ಬೆಂಗಳೂರಿಗೆ ಬೆನ್ನು ತಿರುಗಿಸಿದರೆ ಸಾಕಾಗಿತ್ತು. ಈಗ ಬೆನ್ನು ತಿರುಗಿಸಿದ ಕಡೆಯೂ ಬೆಳಕು ಬರುತ್ತಿದೆ. 2023ರ ಮಾರ್ಚಿನಲ್ಲಿ ಮೈಸೂರಿನ ಹತ್ತು ಪಥದ ಹೆದ್ದಾರಿ ಉದ್ಘಾಟನೆಯಾದ ಮೇಲೆ ನಗರ ಇತ್ತ ಇನ್ನಷ್ಟು ಹತ್ತಿರವಾಯಿತು. ಬಿಡದಿಯ ಕಾರ್ಖಾನೆಗಳು, ಕನಕಪುರ ರಸ್ತೆಯ ಬಡಾವಣೆಗಳು ರಾತ್ರಿಯಿಡೀ ಹೊತ್ತಿಸಿದ ದೀಪ ಆಕಾಶಕ್ಕೂ ಸೋರುತ್ತದೆ. ಬಾನುಲಿಯದೂ ಅದೇ ಪಾಡು: ಅಗ್ಗದ ಎಲ್‌ಇಡಿ ದೀಪಗಳೂ ಚಾರ್ಜರುಗಳೂ ಹೊರಸೂಸುವ ಕೊರಕೊರ ಸದ್ದಿನಲ್ಲಿ ದೂರದ ದನಿ ಮುಳುಗಿಹೋಗುತ್ತದೆ. ಈ ಬಂಡೆಯನ್ನು ಕಡಿದು ಸಾಗಿಸಿದವರನ್ನು ಕುರಿತು ಜನ ಮಾತನಾಡುತ್ತಾರೆ, ಅದಕ್ಕೆ ಕಾನೂನೂ ಉಂಟು. ಕತ್ತಲೆಯನ್ನು ಸಾಗಿಸಿದವರನ್ನು ಕೇಳುವವರಿಲ್ಲ. ಬೀದಿದೀಪಕ್ಕೆ ಮೇಲೊಂದು ಮುಚ್ಚಳವಿಟ್ಟು ಬೆಳಕನ್ನು ನೆಲಕ್ಕೆ ಇಳಿಸಿದರೆ ಪುರಸಭೆಯ ಹಣವೂ ಉಳಿಯುತ್ತದೆ, ಕೃತ್ತಿಕೆಯೂ ಉಳಿಯುತ್ತದೆ. ಮಾಡಲು ಕಷ್ಟವಾದದ್ದೇನೂ ಅಲ್ಲ.

ಗುರು ಶನಿಯರಿಗಾಗಿ 2080ರವರೆಗೆ ಕಾಯಬೇಕು; ಆದರೆ ಈ ನಾಲ್ಕು ತಾಲ್ಲೂಕುಗಳಿಗೆ ಪ್ರತಿವರ್ಷವೂ ದೊರೆಯುವ ಒಂದು ನೋಟವಿದೆ. ಡಿಸೆಂಬರ್ 31ರ ರಾತ್ರಿ ಗಡಿಯಾರ ಹನ್ನೆರಡು ಹೊಡೆಯುವಾಗ ನೇರ ದಕ್ಷಿಣಕ್ಕೆ ತಿರುಗಿ ನಿಂತರೆ, ದಿಗಂತದಿಂದ ಸುಮಾರು ಇಪ್ಪತ್ತೈದು ಅಂಶ ಮೇಲೆ ಒಂದು ದೊಡ್ಡ ನಕ್ಷತ್ರ ತನ್ನ ದಾರಿಯ ಅತಿ ಎತ್ತರದ ಬಿಂದುವಿನಲ್ಲಿರುತ್ತದೆ. ಅದೇ ಅಗಸ್ತ್ಯ. ರಾಮನಗರದ ರೇಖಾಂಶಕ್ಕೆ ಲೆಕ್ಕ ಹಾಕಿದರೆ ವರ್ಷ ಮಗುಚುವ ಹೊತ್ತಿಗೂ ಅಗಸ್ತ್ಯ ನೆತ್ತಿರೇಖೆಯನ್ನು ಮುಟ್ಟುವ ಹೊತ್ತಿಗೂ ಕೆಲವೇ ನಿಮಿಷಗಳ ಅಂತರ. ಅದರ ಮೇಲೆ, ಕೊಂಚ ಎಡಕ್ಕೆ, ಆಕಾಶದ ಅತ್ಯಂತ ಪ್ರಕಾಶದ ನಕ್ಷತ್ರವಾದ ಲುಬ್ಧಕ. ಅರ್ಧ ಗಂಟೆಯೊಳಗೆ ಅದೂ ಅದೇ ರೇಖೆಗೆ ಬರುತ್ತದೆ. 2020ರಲ್ಲಿ ಹುಣ್ಣಿಮೆ ಕಳೆದು ಒಂದೆರಡು ದಿನವಾಗಿತ್ತು. ಬೆಳದಿಂಗಳು ಸಣ್ಣ ಚುಕ್ಕೆಗಳನ್ನೆಲ್ಲ ಅಳಿಸಿದರೂ ಈ ಎರಡನ್ನು ಅಳಿಸಲಾರದು. ಲುಬ್ಧಕದ ಬೆಳಕು ನಮ್ಮನ್ನು ಮುಟ್ಟಲು ಎಂಟೂವರೆ ವರ್ಷದಷ್ಟು ಕಾಲ ಬೇಕು. ಅಗಸ್ತ್ಯದ ಬೆಳಕಿಗೆ ಸುಮಾರು 310 ವರ್ಷ. ಆ ರಾತ್ರಿ ಮಾಗಡಿಯ ಮೇಲೆ ಬಿದ್ದ ಕಿರಣ ಹೊರಟಾಗ ಸಾವನದುರ್ಗ ಇನ್ನೂ ಕೆಂಪೇಗೌಡರ ವಂಶದ ಕೈಯಲ್ಲಿತ್ತು. ಮೈಸೂರಿನ ದಳವಾಯಿ ಅದನ್ನು ಗೆದ್ದದ್ದು 1728ರಲ್ಲಿ.

ಅಗಸ್ತ್ಯ ನಿಂತ ದಿಕ್ಕಿನಲ್ಲೇ, ಕನಕಪುರದ ದಕ್ಷಿಣದ ಅಂಚಿನಲ್ಲಿ, ಅರ್ಕಾವತಿ ಬಂದು ಕಾವೇರಿಯನ್ನು ಕೂಡುವ ಸಂಗಮವಿದೆ. ಆ ಮುನಿಯ ಕಮಂಡಲುವಿನಿಂದಲೇ ಕಾವೇರಿ ಹರಿದಳೆಂದು ಹಿರಿಯರು ಹೇಳಿದ ಕಥೆಯನ್ನು ಅಲ್ಲಿನ ಮಕ್ಕಳೂ ಬಲ್ಲರು. ಹ್ಯಾಮ್‌ಗಳು ಮಾತು ಮುಗಿಸುವಾಗ ‘ಎಪ್ಪತ್ತಮೂರು’ ಎನ್ನುತ್ತಾರೆ. ತಂತಿಯ ಕಾಲದಿಂದ ಬಂದ ಸಂಕೇತ, ‘ನಿಮಗೆ ಶುಭವಾಗಲಿ’ ಎಂದು ಅರ್ಥ. ಉತ್ತರ ಕೊಟ್ಟವನ ಮುಖ ಕಾಣದು. ಊರೂ ಕೆಲವೊಮ್ಮೆ ತಿಳಿಯದು. ದನಿಯ ಹಿಂದೆ ನಾಯಿಯೊಂದು ಬೊಗಳಿದ್ದು ಮಾತ್ರ ಸ್ಪಷ್ಟವಾಗಿ ಕೇಳಿಸುತ್ತದೆ.